ನೆತ್ತಿಯ ನೋವು, ಮೂಗಿನ ಮೂಲ

ತಲೆನೋವು ಎಂದು ಯಾರಾದರೂ ಹಣೆ ಹಿಡಿದು ಕೂತರೆ ನಮ್ಮಲ್ಲಿ ಎರಡು ಮಾತು ಸಿದ್ಧವಾಗಿರುತ್ತವೆ. ಮನೆಯ ಹಿರಿಯರು “ಪಿತ್ತ ಏರಿರಬೇಕು” ಅನ್ನುತ್ತಾರೆ. ಆಫೀಸಿನಲ್ಲಿ ಪಕ್ಕದ ಮೇಜಿನವರು “ಸೈನಸ್ ಇರಬೇಕು, ನನಗೂ ಇದೆ” ಅನ್ನುತ್ತಾರೆ. ಪಿತ್ತದ ವಿಚಾರ ಇಲ್ಲಿ ಬೇಡ. ಸೈನಸ್ಸಿನ ಮಾತಂತೂ ಹೆಚ್ಚಿನ ಸಲ ತಪ್ಪು. ತಮಗೆ ಸೈನಸ್ ತಲೆನೋವು ಇದೆ ಎಂದು ತಾವೇ ತೀರ್ಮಾನಿಸಿಕೊಂಡಿದ್ದ, ಇಲ್ಲವೇ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಜನರನ್ನು ಅಮೆರಿಕದಲ್ಲಿ ಕ್ರಮವಾಗಿ ಪರೀಕ್ಷಿಸಿ ನೋಡಿದರು. ಅವರಲ್ಲಿ ಶೇಕಡಾ 88 ಮಂದಿಯ ಲಕ್ಷಣಗಳು ಮೈಗ್ರೇನ್‌ಗೆ ಹೊಂದುತ್ತಿದ್ದವು. 2004ರಲ್ಲಿ ಪ್ರಕಟವಾದ ಅಧ್ಯಯನ ಅದು. ನಮ್ಮ ರಾಜ್ಯದ ಲೆಕ್ಕವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ತಜ್ಞರು ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ಪ್ರಕಾರ ಇಲ್ಲಿನ ವಯಸ್ಕರಲ್ಲಿ ವರ್ಷವೊಂದರಲ್ಲಿ ಮೈಗ್ರೇನ್ ಕಾಡುವವರು ನಾಲ್ವರಲ್ಲಿ ಒಬ್ಬರು. ಅಂದರೆ “ನನಗೆ ಸೈನಸ್” ಎಂದುಕೊಂಡು ಹಬೆ ತೆಗೆದುಕೊಳ್ಳುತ್ತಿರುವ ಬಹುಪಾಲು ಜನರ ಸೈನಸ್ ಚೆನ್ನಾಗಿಯೇ ಇರುತ್ತದೆ.

ಈ ತಪ್ಪಿಗೂ ಒಂದು ಕಾರಣವಿದೆ. ಮೈಗ್ರೇನ್ ಬಂದಾಗ ಮುಖದ ನರಗಳ ಜೊತೆಗೆ ಕಣ್ಣು, ಮೂಗಿಗೆ ನೀರು ತರಿಸುವ ನರಗಳೂ ಕೆರಳುತ್ತವೆ. ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆನ್ನೆ ಭಾರವಾಗುತ್ತದೆ. ಹವೆ ಬದಲಾದಾಗ ಮೈಗ್ರೇನ್ ಕೆರಳುವುದೂ ಉಂಟು. ಇಷ್ಟೆಲ್ಲ ಕೂಡಿ ಬಂದರೆ ಯಾರಿಗಾದರೂ ಮೂಗಿನ ಮೇಲೇ ಅನುಮಾನ ಬರುತ್ತದೆ.

ಇದಕ್ಕೆ ಪೂರ್ತಿ ತಿರುಗುಮುರುಗಾದ ಇನ್ನೊಂದು ಕಾಯಿಲೆಯೂ ಇದೆ. ಅದರಲ್ಲಿ ತಲೆನೋವಿನ ಬೇರು ನಿಜಕ್ಕೂ ಸೈನಸ್ಸಿನಲ್ಲೇ ಇರುತ್ತದೆ, ಆದರೆ ಮೂಗು ಸ್ವಚ್ಛವಾಗಿರುತ್ತದೆ. ನೆಗಡಿ ಇಲ್ಲ, ಸೀನಿಲ್ಲ, ಮೂಗು ಕಟ್ಟುವುದೂ ಇಲ್ಲ. ಹಾಗಾಗಿ ರೋಗಿಗೂ ಅನುಮಾನವಿಲ್ಲ, ಹಲವು ವೇಳೆ ವೈದ್ಯರಿಗೂ ಇಲ್ಲ. ಅದು ಸ್ಫೀನಾಯ್ಡ್ ಸೈನಸ್ಸಿನ ಕಾಯಿಲೆ.

ಮುಖದ ಮೂಳೆಗಳೊಳಗೆ ಗಾಳಿ ತುಂಬಿದ ನಾಲ್ಕು ಜೋಡಿ ಗೂಡುಗಳಿವೆ, ಸೈನಸ್ ಎಂದರೆ ಇವೇ. ಕೆನ್ನೆಯಲ್ಲಿ ಒಂದು ಜೋಡಿ, ಹಣೆಯಲ್ಲಿ ಒಂದು, ಎರಡು ಕಣ್ಣುಗಳ ನಡುವೆ ಜೇನುಗೂಡಿನಂತೆ ಸಣ್ಣಸಣ್ಣ ಕೋಣೆಗಳ ಇನ್ನೊಂದು. ನಾಲ್ಕನೆಯದು ಇವೆಲ್ಲಕ್ಕೂ ಹಿಂದೆ, ತಲೆಬುರುಡೆಯ ನಟ್ಟನಡುವೆ ಇದೆ. ಹುಬ್ಬುಗಳ ನಡುವಿನಿಂದ ಹಿಂದಕ್ಕೆ ಒಂದು ಗೆರೆ, ಒಂದು ಕಿವಿಯ ಮುಂಭಾಗದಿಂದ ಇನ್ನೊಂದು ಕಿವಿಯ ಮುಂಭಾಗಕ್ಕೆ ಮತ್ತೊಂದು ಗೆರೆ ಎಳೆದರೆ ಅವೆರಡೂ ಕೂಡುವ ಜಾಗದ ಆಸುಪಾಸು. ಸ್ಫೀನಾಯ್ಡ್ ಎಂಬುದು ಗ್ರೀಕ್ ಮಾತು, ಬೆಣೆಯಂಥದ್ದು ಎಂದು ಅರ್ಥ. ಬುರುಡೆಯ ಬೇರೆ ಮೂಳೆಗಳ ನಡುವೆ ಬೆಣೆ ಹೊಡೆದಂತೆ ಕೂತಿರುವ ಮೂಳೆ ಇದು. ಹುಟ್ಟಿದ ಮಗುವಿನಲ್ಲಿ ಈ ಗೂಡು ಇರುವುದೇ ಇಲ್ಲ ಎನ್ನಬಹುದು. ಮೂರು ವರ್ಷದ ಸುಮಾರಿಗೆ ಟೊಳ್ಳಾಗತೊಡಗಿ ಹರೆಯದ ಹೊತ್ತಿಗೆ ಪೂರ್ತಿಯಾಗುತ್ತದೆ.

ಅದರ ನೆರೆಹೊರೆ ಎಂಥದ್ದೆಂದು ನೋಡಿದರೆ ವೈದ್ಯರು ಈ ಗೂಡಿಗೆ ಯಾಕೆ ಅಂಜುತ್ತಾರೆ ಎಂಬುದು ತಿಳಿಯುತ್ತದೆ. ಮಾಡಿನ ಮೇಲೆ ಪಿಟ್ಯುಟರಿ ಗ್ರಂಥಿ. ಪಕ್ಕದ ಗೋಡೆಗೆ ಅಂಟಿಕೊಂಡು ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಧಮನಿ. ಅದರ ಮೇಲ್ಗಡೆ ಕಣ್ಣಿನ ನರ. ಕಣ್ಣುಗುಡ್ಡೆಯನ್ನು ತಿರುಗಿಸುವ ಮೂರು ನರಗಳೂ ಅಲ್ಲೇ ಸಾಗುತ್ತವೆ. ನಡುವಿನ ಮೂಳೆ ಕೆಲವು ಕಡೆ ಮೊಟ್ಟೆಯ ಸಿಪ್ಪೆಯಷ್ಟು ತೆಳು, ಕೆಲವರಲ್ಲಿ ಅಲ್ಲಲ್ಲಿ ಮೂಳೆಯೇ ಇರುವುದಿಲ್ಲ.

ಈ ಗೂಡಿನಿಂದ ಮೂಗಿಗೆ ಒಂದು ಸಣ್ಣ ತೂಬು ಇದೆ. ಕೆರೆಯ ತೂಬಾದರೆ ತಳದಲ್ಲಿರುತ್ತದೆ. ಇದರ ತೂಬು ಮುಂದಿನ ಗೋಡೆಯ ಮೇಲ್ಭಾಗದಲ್ಲಿದೆ. ಒಳಗಿನ ಲೋಳೆ ತಾನಾಗಿ ಇಳಿದು ಹೋಗುವಂತಿಲ್ಲ, ಒಳಪೊರೆಯ ಕಣ್ಣಿಗೆ ಕಾಣದ ರೋಮಗಳು ಅದನ್ನು ಒಂದೇ ಸಮನೆ ಮೇಲಕ್ಕೆ ದೂಡುತ್ತಿರಬೇಕು. ತೂಬಿನ ಬಾಯಿ ಊದಿಕೊಂಡಿತೋ, ರೋಮಗಳು ಸೋತವೋ, ಹೂಳು ನಿಲ್ಲುತ್ತದೆ. ಕೆನ್ನೆಯ ಸೈನಸ್ ಕಟ್ಟಿದರೆ ಕೀವು ಮೂಗಿಗೆ ಬಂದು ಸುದ್ದಿ ಮುಟ್ಟಿಸುತ್ತದೆ. ಇದರ ತೂಬು ಮೂಗಿನ ಹಿಂಭಾಗದ ಮೂಲೆಯಲ್ಲಿ, ಹೊಳ್ಳೆಯಿಂದ ಸುಮಾರು 7 ಸೆಂಟಿಮೀಟರ್ ಒಳಗೆ ಇರುವುದರಿಂದ ಬಂದಷ್ಟು ಕಫವೂ ಗಂಟಲಿಗೆ ಜಾರಿಬಿಡುತ್ತದೆ. ಬೆಳಿಗ್ಗೆ ಎದ್ದಾಗ ಗಂಟಲು ಕೆರೆದುಕೊಳ್ಳುವುದು ಬಿಟ್ಟರೆ ಬೇರೆ ಸುಳಿವಿಲ್ಲ. ಸೈನಸ್ ಸೋಂಕುಗಳೆಲ್ಲದರಲ್ಲಿ ಸ್ಫೀನಾಯ್ಡ್ ಒಂದಕ್ಕೇ ಸೀಮಿತವಾದದ್ದು ನೂರಕ್ಕೆ ಒಂದರಿಂದ ಮೂರು ಮಾತ್ರ. ಅಪರೂಪ ಹೌದು, ಆದರೆ ತಲೆನೋವಿನವರ ಸಂಖ್ಯೆ ಲಕ್ಷಗಟ್ಟಲೆ ಇರುವ ನಾಡಿನಲ್ಲಿ ಅಪರೂಪದವರೂ ಕಡಿಮೆಯೇನಿರುವುದಿಲ್ಲ.

ನೋವು ಎಲ್ಲಿ ಎಂದು ಕೇಳಿದರೆ ಇವರು ಕೆನ್ನೆ ಮುಟ್ಟುವುದಿಲ್ಲ. ನೆತ್ತಿಯ ಮೇಲೆ ಅಂಗೈ ಇಡುತ್ತಾರೆ. ಇಲ್ಲವೇ ಕಣ್ಣಿನ ಹಿಂದೆ, ಹಿಂದಲೆಯಲ್ಲಿ ಎನ್ನುತ್ತಾರೆ. ಹೃದಯದ ನೋವು ಎಡತೋಳಿನಲ್ಲಿ ಕಾಣಿಸಿಕೊಳ್ಳುವ ಹಾಗೆಯೇ ಇದು. ಸ್ಫೀನಾಯ್ಡ್‌ನ ಒಳಪೊರೆಗೆ ಮುಖದ ದೊಡ್ಡ ನರದ ಕವಲುಗಳು ಬರುತ್ತವೆ, ಅದೇ ನರ ಕಣ್ಣು, ಹಣೆ, ಮಿದುಳಿನ ಹೊದಿಕೆಗೂ ಹೋಗುತ್ತದೆ. ದೂರು ಎಲ್ಲಿಂದ ಬಂತು ಎಂದು ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ.

ಹೊರರೋಗಿ ವಿಭಾಗದಲ್ಲಿ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ ಎಂದಿಟ್ಟುಕೊಳ್ಳಿ. “ಎಷ್ಟು ದಿನದಿಂದ ಅಮ್ಮಾ?” “ಆರು ತಿಂಗಳಾಯ್ತು ಸಾರ್. ದಿನಾ ಇರತ್ತೆ.” “ಬಂದು ಹೋಗತ್ತೋ?” “ಹೋಗೋದೇ ಇಲ್ಲ. ಬಗ್ಗಿ ಕಸ ಗುಡಿಸಿದ್ರೆ ಜಾಸ್ತಿ. ರಾತ್ರಿ ಎಬ್ಬಿಸಿಬಿಡತ್ತೆ.” “ಮಾತ್ರೆ?” “ಒಂದು ಗಂಟೆ ಸುಮ್ನಿರತ್ತೆ, ಮತ್ತೆ ಶುರು.” “ಮೂಗು?” “ಮೂಗು ಚೆನ್ನಾಗಿದೆಯಲ್ಲ ಸಾರ್!” ಇಲ್ಲಿ ಅನುಭವಿ ವೈದ್ಯರ ಕಿವಿ ನೆಟ್ಟಗಾಗಬೇಕು. ಮೈಗ್ರೇನ್ ಬಂದು ಹೋಗುವ ಕಾಯಿಲೆ, ಔಷಧ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆ ಇದ್ದು ಇಳಿಯುತ್ತದೆ. ವಾಕರಿಕೆ, ಬೆಳಕು ಸದ್ದು ಬೇಡವಾಗುವುದು, ಕತ್ತಲೆ ಕೋಣೆಯಲ್ಲಿ ಮಲಗಬೇಕೆನಿಸುವುದು ಅದರ ಗುರುತುಗಳು. ನಡುನಡುವೆ ಪೂರ್ತಿ ಆರಾಮ ಇರುವ ದಿನಗಳಿರುತ್ತವೆ. ಹೊಸದಾಗಿ ಶುರುವಾಗಿ, ಬಿಡದೆ ಬೆಳೆಯುತ್ತ, ನಿದ್ದೆ ಕೆಡಿಸುವ ನೋವು ಬೇರೆ ಜಾತಿಯದು.

ಇಂಥ ನೋವಿಗೆ ಒಂದು ಕಾರಣ, ಸ್ಫೀನಾಯ್ಡ್‌ನೊಳಗೆ ಬೂಷ್ಟು ಬೆಳೆದು ಕಟ್ಟುವ ಶಿಲೀಂಧ್ರದ ಉಂಡೆ. ಅದು ನಡುವಯಸ್ಸು ದಾಟಿದ ಹೆಂಗಸರಲ್ಲೇ ಹೆಚ್ಚು. ಆ ವಯಸ್ಸಿನ ಹೆಂಗಸು ತಲೆನೋವು ಎಂದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಮುಟ್ಟು ನಿಲ್ಲುವ ಕಾಲ, ಬಿಪಿ, ಕನ್ನಡಕದ ನಂಬರು, ಸೊಸೆಯ ಚಿಂತೆ, ಹೀಗೆ ಒಂದೊಂದೇ ಕಾರಣ ಬಂದು ಹೋಗುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಆ ಅವಧಿಯಲ್ಲಿ ಅಂಗಡಿಯಿಂದ ತಂದು ನುಂಗಿದ ನೋವಿನ ಮಾತ್ರೆಗಳದ್ದು ಇನ್ನೊಂದು ಗೋಜಲು. ತಿಂಗಳಿಗೆ 15 ದಿನ ಇಲ್ಲವೇ ಅದಕ್ಕಿಂತ ಹೆಚ್ಚು ಸಾದಾ ನೋವಿನ ಮಾತ್ರೆಯನ್ನು ಮೂರು ತಿಂಗಳಿಗೂ ಮೀರಿ ತಿಂದರೆ ಆ ಮಾತ್ರೆಯೇ ತಲೆನೋವು ತರಿಸಬಲ್ಲದು. ಎರಡು ಮೂರು ಔಷಧ ಬೆರೆಸಿದ ಮಾತ್ರೆಯಾದರೆ ತಿಂಗಳಿಗೆ ಹತ್ತು ದಿನವೇ ಸಾಕು. ಆದ್ದರಿಂದ ವೈದ್ಯರ ಬಳಿ ಹೋಗುವಾಗ ತಿಂದ ಮಾತ್ರೆಯ ಲೆಕ್ಕವನ್ನು ಮುಚ್ಚಿಡಬಾರದು.

ಪರೀಕ್ಷೆಗೆ ಬರೋಣ. ಹಣೆ, ಕೆನ್ನೆ ಒತ್ತಿ ನೋಡುವುದರಿಂದ ಇಲ್ಲಿ ಏನೂ ಸಿಗದು. ಇಎನ್‌ಟಿ ವೈದ್ಯರು ಮೂಗಿಗೆ ಮರಗಟ್ಟಿಸುವ ಔಷಧ ಹಾಕಿ 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪನ್ನು ಒಳಬಿಡುತ್ತಾರೆ. ಐದು ನಿಮಿಷದ ಕೆಲಸ, ನೋವಿಗಿಂತ ಕಸಿವಿಸಿ ಹೆಚ್ಚು. ತೂಬಿನ ಬಳಿ ಕೀವಿನ ಎಳೆಯೋ ಸಣ್ಣ ದುರ್ಮಾಂಸವೋ ಕಂಡರೆ ಪತ್ತೆ ಸುಲಭ. ಏನೂ ಕಾಣದಿದ್ದರೆ ಕಾಯಿಲೆ ಇಲ್ಲ ಎಂದಲ್ಲ, ತೂಬು ಪೂರ್ತಿ ಮುಚ್ಚಿದ್ದರೆ ಹೊರಗೆ ಬರಲು ಏನಿದೆ? ಕಣ್ಣಿನ ದೃಷ್ಟಿ, ಗುಡ್ಡೆಯ ಚಲನೆ ನೋಡುವುದೂ ಈ ಪರೀಕ್ಷೆಯ ಭಾಗವೇ.

ಸೈನಸ್ ಎಂದೊಡನೆ ಎಕ್ಸ್-ರೇ ತೆಗೆಸುವ ರೂಢಿ ಇನ್ನೂ ಹೋಗಿಲ್ಲ. ಕೆನ್ನೆಯ ಸೈನಸ್ಸಿಗೆ ಅದು ಅಷ್ಟಿಷ್ಟು ಉಪಯೋಗ. ಸ್ಫೀನಾಯ್ಡ್ ಮೇಲೆ ಮುಖದ ಎಲ್ಲ ಮೂಳೆಗಳ ನೆರಳೂ ಬೀಳುವುದರಿಂದ ಅಲ್ಲಿ ಅದನ್ನು ನಂಬುವಂತಿಲ್ಲ. ಬೇಕಾದದ್ದು ಸೈನಸ್ಸಿನ ಸಿಟಿ ಸ್ಕ್ಯಾನ್. ಚೀಟಿಯಲ್ಲಿ ಸಿಟಿ ಪಿಎನ್‌ಎಸ್ ಎಂದು ಬರೆದಿರುತ್ತದೆ. ಆರೋಗ್ಯವಂತ ಗೂಡು ಅದರಲ್ಲಿ ಕಪ್ಪಗೆ ಕಾಣುತ್ತದೆ, ತುಂಬಿದ್ದು ಬೂದು. ಓದುವವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಸುತ್ತಲ ಮೂಳೆ ದಪ್ಪಗಾಗಿದ್ದರೆ ಕಾಯಿಲೆ ಹಳೆಯದು. ಬೂದಿನ ನಡುವೆ ಸುಣ್ಣದ ಚುಕ್ಕಿಗಳಂತೆ ಬೆಳ್ಳಗೆ ಹೊಳೆದರೆ ಶಿಲೀಂಧ್ರದ ಉಂಡೆಯ ಶಂಕೆ. ಗೂಡು ಬಲೂನಿನಂತೆ ಉಬ್ಬಿ ಗೋಡೆ ತೆಳುವಾಗಿದ್ದರೆ ಲೋಳೆ ತುಂಬಿದ ಚೀಲ, ವೈದ್ಯರ ಮಾತಿನಲ್ಲಿ ಮ್ಯೂಕೋಸೀಲ್. ಮೂಳೆಯನ್ನು ಕೊರೆದು ತಿಂದಿದ್ದರೆ ಗಡ್ಡೆಯೋ ಒಳನುಗ್ಗುವ ಶಿಲೀಂಧ್ರವೋ ಎಂದು ತಡಮಾಡದೆ ನೋಡಬೇಕು.

ಎಂಆರ್‌ಐ ದುಬಾರಿಯಾದ್ದರಿಂದ ಅದೇ ಮೇಲು ಎಂದುಕೊಂಡವರು ಬಹಳ. ಇಲ್ಲೊಂದು ಮೋಸವಿದೆ. ಎಂಆರ್‌ಐ ನೋಡುವುದು ನೀರಿನಂಶವನ್ನು. ಒಣಗಿ ಗಟ್ಟಿಯಾದ ಶಿಲೀಂಧ್ರದ ಉಂಡೆಯಲ್ಲಿ ನೀರು ಕಡಿಮೆ, ಕಬ್ಬಿಣ ಮ್ಯಾಂಗನೀಸ್‌ನಂಥ ಲೋಹದ ಅಂಶ ಇರುತ್ತದೆ. ಆದ್ದರಿಂದ ಕೆಲವು ಚಿತ್ರಗಳಲ್ಲಿ ಅದು ಕಪ್ಪಗೆ, ಥೇಟ್ ಗಾಳಿಯ ಹಾಗೆ ಕಾಣುತ್ತದೆ. ತುಂಬಿದ ಗೂಡು ಖಾಲಿ ಎನಿಸಿಕೊಳ್ಳುತ್ತದೆ. ಹಾಗೆಂದು ಎಂಆರ್‌ಐ ಬೇಡವೆಂದಲ್ಲ. ಗೂಡಿನಲ್ಲಿರುವುದು ಗಡ್ಡೆಯೋ ಬರೀ ಲೋಳೆಯೋ, ಕಾಯಿಲೆ ಮಿದುಳಿನ ಹೊದಿಕೆಗೆ, ಕಣ್ಣಿನ ನರಕ್ಕೆ ತಗುಲಿದೆಯೋ ಎಂದು ಹೇಳುವುದು ಅದೇ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಚಿತ್ರ ಪೂರ್ತಿ. ಪಕ್ಕದ ಧಮನಿ ಉಬ್ಬಿ ಗೂಡಿನೊಳಗೆ ಚಾಚಿಕೊಂಡಿರುವ ಪ್ರಸಂಗವೂ ಉಂಟು. ಅದನ್ನು ಗಡ್ಡೆ ಎಂದುಕೊಂಡು ಚಿವುಟಿದರೆ ರಕ್ತಸ್ರಾವ ನಿಲ್ಲಿಸುವುದೇ ಕಷ್ಟ. ಸ್ಕ್ಯಾನ್ ಇಲ್ಲದೆ ಇಲ್ಲಿಂದ ಬಯಾಪ್ಸಿ ತೆಗೆಯುವುದಿಲ್ಲ.

ತಲೆನೋವಿಗೆಂದು ಈಗಾಗಲೇ ಮಿದುಳಿನ ಸ್ಕ್ಯಾನ್ ಮಾಡಿಸಿದವರು ಅದರ ಸಿಡಿಯನ್ನು ಎಸೆಯಬಾರದು. ಮಿದುಳಿನ ಸ್ಕ್ಯಾನಿನ ಕೆಳಗಿನ ಚಿತ್ರಗಳಲ್ಲಿ ಸ್ಫೀನಾಯ್ಡ್ ಬಂದೇ ಬಂದಿರುತ್ತದೆ. ಮಿದುಳು ಸರಿಯಿದೆ ಎಂದು ವರದಿ ಮುಗಿದಿದ್ದರೆ ಆ ಮೂಲೆಯನ್ನು ಯಾರೂ ಗಮನಿಸದೆ ಇರಲೂಬಹುದು. “ಸ್ಫೀನಾಯ್ಡ್ ಹೇಗಿದೆ ಡಾಕ್ಟ್ರೇ?” ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಳಪೊರೆ ತುಸು ದಪ್ಪಗಿರುವುದು, ಸಣ್ಣ ನೀರ್ಗುಳ್ಳೆ ಇರುವುದು, ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲಿ ಕಾಣುತ್ತದೆ. ವರದಿಯಲ್ಲಿ ಆ ಒಂದು ಸಾಲು ಕಂಡದ್ದಕ್ಕೇ ಆಪರೇಷನ್‌ಗೆ ಒಪ್ಪಿ, ಆಮೇಲೂ ಅದೇ ಮೈಗ್ರೇನ್ ಅನುಭವಿಸುವವರಿದ್ದಾರೆ. ಗೂಡು ಅರ್ಧಕ್ಕಿಂತ ಹೆಚ್ಚು ತುಂಬಿದೆಯೇ, ಒಂದೇ ಪಕ್ಕದಲ್ಲಿದೆಯೇ, ಮೂಳೆ ಬದಲಾಗಿದೆಯೇ, ನೋವಿನ ಚಹರೆಗೆ ಹೊಂದುತ್ತದೆಯೇ ಎಂದು ತೂಗಿ ನೋಡುವ ವೈದ್ಯರು ನಿಮಗೆ ಬೇಕು.

ಚಿಕಿತ್ಸೆ ಗೂಡಿನಲ್ಲಿ ಏನಿದೆ ಎಂಬುದರ ಮೇಲೆ. ಹೊಸದಾಗಿ ಬಂದ ಬ್ಯಾಕ್ಟೀರಿಯಾ ಸೋಂಕಾದರೆ ಆ್ಯಂಟಿಬಯೋಟಿಕ್, ಊತ ಇಳಿಸುವ ಔಷಧ. ಜ್ವರ, ತೀವ್ರ ನೋವಿದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು ರಕ್ತನಾಳಕ್ಕೇ ಔಷಧ ಕೊಡುತ್ತಾರೆ. ಒಂದೆರಡು ದಿನದಲ್ಲಿ ಇಳಿಮುಖವಾಗದಿದ್ದರೆ, ಕಣ್ಣಿಗೆ ಏನಾದರೂ ಆದರೆ, ತೂಬು ಬಿಡಿಸಲು ಕಾಯುವುದಿಲ್ಲ. ಶಿಲೀಂಧ್ರದ ಉಂಡೆಗೆ ಮಾತ್ರೆಯಿಂದ ಪ್ರಯೋಜನವಿಲ್ಲ. ಹೆಚ್ಚಾಗಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಎಳೆಗಳು ಒತ್ತಾಗಿ ಹೆಣೆದುಕೊಂಡ ಕೆಸರಿನ ಮುದ್ದೆ ಅದು. ಅದಕ್ಕೆ ರಕ್ತ ಸಂಚಾರವೇ ಇಲ್ಲ, ಔಷಧ ಒಳಗೆ ಹೋಗುವುದೆಲ್ಲಿಂದ? ತೆಗೆದು ಹಾಕಿದರೆ ಮುಗಿಯಿತು, ಆಮೇಲೆ ಸಾಮಾನ್ಯವಾಗಿ ಶಿಲೀಂಧ್ರದ ಮಾತ್ರೆಯೂ ಬೇಕಿಲ್ಲ. ಅಲರ್ಜಿಯಿಂದ ಬರುವ ಶಿಲೀಂಧ್ರ ಸೈನಸೈಟಿಸ್ ಬೇರೆ. ಅದಕ್ಕೆ ಆಪರೇಷನ್ ಜೊತೆ ಸ್ಟೀರಾಯ್ಡ್, ವರ್ಷಗಟ್ಟಲೆ ನಿಗಾ ಬೇಕು.

ಇವೆರಡನ್ನೂ 2021ರ ಬ್ಲ್ಯಾಕ್ ಫಂಗಸ್ ಜೊತೆ ಕಲಸಬಾರದು. ಕೋವಿಡ್ ಎರಡನೇ ಅಲೆಯ ಬೆನ್ನಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದ ಆ ಮ್ಯೂಕಾರ್ಮೈಕೋಸಿಸ್ ರಕ್ತನಾಳದೊಳಗೇ ನುಗ್ಗಿ ಅಂಗಾಂಶವನ್ನು ಕೊಲ್ಲುವ ಶಿಲೀಂಧ್ರ. ಉಂಡೆ ವರ್ಷಗಟ್ಟಲೆ ಸುಮ್ಮನೆ ಕೂತಿರಬಲ್ಲದು, ಇದು ದಿನಗಳಲ್ಲಿ ಹರಡುತ್ತದೆ. ಸಕ್ಕರೆ ಹತೋಟಿ ತಪ್ಪಿದವರಿಗೆ, ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಮುಖ ಮರಗಟ್ಟಿದರೆ, ಅಂಗುಳ ಅಥವಾ ಮೂಗಿನಲ್ಲಿ ಕರಿ ಹಕ್ಕಳೆ ಕಂಡರೆ ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ಸಂಗತಿ. ಆಂಫೊಟೆರಿಸಿನ್ ಎಂಬ ಶಿಲೀಂಧ್ರನಾಶಕ ಔಷಧ ಮತ್ತು ಆಪರೇಷನ್ ಎರಡೂ ಬೇಕು.

ಯಾರಿಗೇ ಆಗಲಿ ತಲೆನೋವಿನ ಜೊತೆ ದೃಷ್ಟಿ ಮಂಕಾದರೆ, ಒಂದು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೂ ಉಪೇಕ್ಷೆ ಸಲ್ಲ. ಅದು ಮಿದುಳಿನ ಸುತ್ತಲ ದ್ರವ ಆಗಿರಬಹುದು, ಆ ಹನಿಯನ್ನೇ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪರೀಕ್ಷೆಗೆ ಕಳಿಸುತ್ತಾರೆ.

ಒಂದು ಕಾಲಕ್ಕೆ ಈ ಗೂಡನ್ನು ಮುಟ್ಟಬೇಕೆಂದರೆ ಮುಖದ ಹೊರಗಿನಿಂದಲೋ ಮೇಲ್ದುಟಿಯ ಒಳಗಿನಿಂದಲೋ ಕೊಯ್ಯಬೇಕಿತ್ತು. ಆಸ್ಟ್ರಿಯಾದ ಗ್ರಾಜ್ ಊರಿನ ವಾಲ್ಟರ್ ಮೆಸರ್‌ಕ್ಲಿಂಗರ್ ಎಂಡೋಸ್ಕೋಪಿನಲ್ಲಿ ವರ್ಷಗಟ್ಟಲೆ ಲೋಳೆಯ ಹರಿವನ್ನು ನೋಡುತ್ತ ಕೂತ ಮನುಷ್ಯ. ಸೈನಸ್ಸಿಗೆ ಬೇರೆ ಕಡೆ ತೂತು ಕೊರೆದುಕೊಟ್ಟರೂ ಲೋಳೆ ಅದನ್ನು ಬಿಟ್ಟು ತನ್ನ ಹುಟ್ಟುತೂಬಿನ ಕಡೆಗೇ ಹೋಗುತ್ತದೆ ಎಂಬುದು ಆ ತಾಳ್ಮೆಯಿಂದ ತಿಳಿದ ವಿಷಯ. ಇಂದಿನ ಆಪರೇಷನ್ನಿನ ಬುನಾದಿ ಅದೇ: ಹೊಸ ದಾರಿ ಮಾಡಬೇಡ, ಇರುವ ತೂಬನ್ನು ಅಗಲಿಸು. 1980ರ ದಶಕದಲ್ಲಿ ಅವರ ಶಿಷ್ಯ ಹೈಂಜ್ ಸ್ಟಾಂಬರ್ಗರ್, ಅಮೆರಿಕದ ಡೇವಿಡ್ ಕೆನಡಿ ಇದನ್ನು ಜಗತ್ತಿಗೆ ಹರಡಿದರು.

ಪೂರ್ತಿ ಅರಿವಳಿಕೆ ಕೊಟ್ಟು, ಮುಖದ ಮೇಲೆ ಒಂದು ಗೀರೂ ಇಲ್ಲದೆ, ಹೊಳ್ಳೆಯ ಮೂಲಕವೇ ಹೋಗುತ್ತಾರೆ. ಮೂಗಿನ ನಡುಗೋಡೆ ಮತ್ತು ಮೇಲಿನ ಮಡಿಕೆಯ ನಡುವೆ ತೂಬು ಸಿಗುತ್ತದೆ. ಬೇಕಾದರೆ ಆ ಮಡಿಕೆಯ ಕೆಳತುದಿಯನ್ನು ಕತ್ತರಿಸಿ ದಾರಿ ಮಾಡಿಕೊಳ್ಳುತ್ತಾರೆ. ಆಮೇಲೆ ಪಂಚ್ ಎಂಬ ಸಾಧನದಿಂದ ತೂಬನ್ನು ಕೆಳಕ್ಕೂ ಒಳಮಗ್ಗುಲಿಗೂ ಚೂರುಚೂರೇ ಕಚ್ಚಿ ಹಿಗ್ಗಿಸುತ್ತಾರೆ. ತೀರ ಕೆಳಗೆ ಹೋದರೆ ಅಲ್ಲೊಂದು ಸಣ್ಣ ಧಮನಿ, ಹೊರಮಗ್ಗುಲಿಗೆ ಹೋದರೆ ಕಣ್ಣಿನ ನರ ಮತ್ತು ಕೆರೋಟಿಡ್. ಗೂಡಿನ ನಡುಗೋಡೆ ಎಷ್ಟೋ ಜನರಲ್ಲಿ ಓರೆಯಾಗಿ ಹೋಗಿ ಆ ಧಮನಿಯ ಮೇಲಿನ ಮೂಳೆಗೇ ಕೂಡಿರುತ್ತದೆ, ಅದನ್ನು ತಿರುಚಿ ಮುರಿಯುವಂತಿಲ್ಲ. ಆಪರೇಷನ್‌ಗೆ ಮುಂಚೆ ಸರ್ಜನ್ ಸಿಟಿ ಚಿತ್ರವನ್ನು ಮತ್ತೆಮತ್ತೆ ನೋಡುವುದು ಇದಕ್ಕೇ. ಬಾಯಿ ಅಗಲವಾದ ಮೇಲೆ ಕಂದು ಹಸಿರು ಜೇಡಿಯಂಥ ಮುದ್ದೆಯನ್ನು ತೊಳೆದು, ಹೀರಿ ತೆಗೆಯುತ್ತಾರೆ. ತೊಡಕಿಲ್ಲದಿದ್ದರೆ ಒಂದೆರಡು ದಿನದಲ್ಲಿ ಮನೆ.

ಮನೆಯ ಕೆಲಸ ಆಮೇಲೆ. ಎರಡು ವಾರ ಮೂಗು ಜೋರಾಗಿ ಸೀಟಬಾರದು, ಭಾರ ಎತ್ತಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ವೈದ್ಯರು ಹೇಳಿದ ದಿನದಿಂದ ಉಪ್ಪುನೀರಿನಿಂದ ಮೂಗು ತೊಳೆಯಬೇಕು. ಜಲನೇತಿ ಗೊತ್ತಿದ್ದವರಿಗೆ ಇದು ಹೊಸದಲ್ಲ, ಆದರೆ ನೀರಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ನಲ್ಲಿ, ಬಾವಿ, ಕೆರೆಯ ಹಸಿನೀರು ಮೂಗಿಗೆ ಬೇಡ. ಅಪರೂಪಕ್ಕಾದರೂ ಅದರಲ್ಲಿ ಮಿದುಳಿಗೆ ಏರುವ ಅಮೀಬಾ ಇರಬಹುದು, ನೆರೆಯ ಕೇರಳದಲ್ಲಿ ಅಂಥ ಸಾವುಗಳಾಗಿವೆ. ಕುದಿಸಿ ಆರಿಸಿದ ನೀರೇ ಆಗಬೇಕು. ಆಪರೇಷನ್‌ಗೆ ಮುಂಚೆ ಎಷ್ಟು ತೊಳೆದರೂ, ಎಷ್ಟು ಹಬೆ ತೆಗೆದುಕೊಂಡರೂ ಅದು ಮುಚ್ಚಿದ ಸ್ಫೀನಾಯ್ಡ್‌ನ ಒಳಗೆ ಹೋಗುವುದಿಲ್ಲ. ನೀಲಗಿರಿ ಎಣ್ಣೆಯ ಹಬೆಯಿಂದ ಮೂಗು ಹಗುರಾದಂತೆ ಅನ್ನಿಸುತ್ತದೆ, ಅಷ್ಟೇ. ಮೂಗು ಬಿಡಿಸುವ ಸ್ಪ್ರೇ ಕೂಡ ಐದಾರು ದಿನ ದಾಟಿದರೆ ಮೂಗು ಅದಿಲ್ಲದೆ ತೆರೆಯದ ಚಾಳಿ ಹಿಡಿಯುತ್ತದೆ.

ಉಂಡೆಯೋ ಮ್ಯೂಕೋಸೀಲೋ ಇದ್ದವರಲ್ಲಿ ಹೆಚ್ಚಿನವರ ನೋವು ಕೆಲವೇ ದಿನ, ವಾರಗಳಲ್ಲಿ ಹೋಗುತ್ತದೆ. ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಅವರಿಗೆ ಗೂಡಿನ ಕಾಯಿಲೆಯ ಜೊತೆ ಮೈಗ್ರೇನ್ ಮೊದಲೇ ಇದ್ದಿರಬಹುದು, ಅಥವಾ ಮಾತ್ರೆಯ ತಲೆನೋವು ಸೇರಿಕೊಂಡಿರಬಹುದು. ಅದಕ್ಕೆ ನರರೋಗ ತಜ್ಞರ ಔಷಧ ಬೇರೆ. ತೆಗೆದ ಮುದ್ದೆಯಲ್ಲಿ ಒಂದಿಷ್ಟು ಪೆಥಾಲಜಿಗೆ ಹೋಗಿರುತ್ತದೆ. ಎಳೆಗಳು ಬರೀ ಉಂಡೆಯಲ್ಲಿವೆಯೋ ಒಳಪೊರೆಯೊಳಗೂ ನುಗ್ಗಿವೆಯೋ ಎಂಬುದು ಗೊತ್ತಾಗುವುದು ಆ ವರದಿಯಿಂದಲೇ. ತಲೆನೋವು ಹೋಯಿತು ಎಂಬ ಖುಷಿಯಲ್ಲಿ ಅದನ್ನು ತರಲು ಮರೆಯುವವರು ಬಹಳ. ಹೊಲಿಗೆ ಬಿಚ್ಚಿಸುವ ಕೆಲಸ ಇಲ್ಲಿ ಇಲ್ಲದ್ದರಿಂದ ಆಸ್ಪತ್ರೆಗೆ ಮತ್ತೆ ಹೋಗುವ ನೆಪವೂ ಇರುವುದಿಲ್ಲ. ಮೊದಲ ಮರುಭೇಟಿಯ ದಿನವೇ ಕೇಳಿ ಪಡೆದು ಸಿಡಿಯ ಜೊತೆ ಇಟ್ಟುಕೊಳ್ಳಬೇಕು.